ಹೊಟ್ಟೆ ಬಿಸಿ, ಅಂಗಾಲು ತಣ್ಣಗೆ

ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಅಜ್ಜಿ ಅಷ್ಟಕ್ಕೇ ಬಿಡುವುದಿಲ್ಲ. ಹೊದಿಕೆ ಸರಿಸಿ ಅಂಗಾಲನ್ನೂ ಮುಟ್ಟಿ ನೋಡುತ್ತಾಳೆ. ಮಕ್ಕಳ ವೈದ್ಯರು ಮಾಡುವುದೂ ಅದನ್ನೇ. ಡೆಂಗಿಯಿಂದಲೋ ಬೇರೆ ಸೋಂಕಿನಿಂದಲೋ ರಕ್ತಸಂಚಾರ ಕುಸಿಯತೊಡಗಿದರೆ, ದೇಹವು ಮಿದುಳು, ಹೃದಯಗಳ ಪಾಲು ಉಳಿಸಲು ಕೈಕಾಲಿನ ಚರ್ಮದ ರಕ್ತನಾಳಗಳನ್ನು ಬಿಗಿಯುತ್ತದೆ. ಹೊಟ್ಟೆ ಬೆಚ್ಚಗೇ ಇರುತ್ತದೆ, ಪಾದ ತಣ್ಣಗಾಗುತ್ತದೆ. ವೈದ್ಯರು 'ಶಾಕ್' ಎನ್ನುವುದು ಈ ಕುಸಿತಕ್ಕೆ. ಮಕ್ಕಳಲ್ಲಿ ರಕ್ತದೊತ್ತಡ ಇಳಿಯುವುದು ಕಡೆಗೆ; ಅದು ಇಳಿಯುವ ಹೊತ್ತಿಗೆ ಸಾಕಷ್ಟು ತಡವಾಗಿರುತ್ತದೆ.

ಈ ಮುಟ್ಟಿ ನೋಡುವ ಕೆಲಸವನ್ನು ಕ್ಯಾಮೆರಾಕ್ಕೆ ಕಲಿಸಲು ಹೊರಟವರು ದೆಹಲಿಯ ಏಮ್ಸ್ ವೈದ್ಯರು ಮತ್ತು ಟ್ರಿಪಲ್ ಐಟಿ-ದೆಹಲಿಯ ಸಂಶೋಧಕರು. ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಶಾಖವನ್ನು ಕಾಣುವ ಥರ್ಮಲ್ ಕ್ಯಾಮೆರಾದಿಂದ 539 ಚಿತ್ರ ತೆಗೆದರು. ಅವುಗಳಲ್ಲಿ 253ರ ಜೊತೆ, ಅಪಧಮನಿಯೊಳಗೇ ಅಳೆದ ರಕ್ತದೊತ್ತಡವೂ ಇತ್ತು. ಉತ್ತರ ಗೊತ್ತಿರುವ ಲೆಕ್ಕ ಕೊಟ್ಟರೆ ತಾನೇ ಯಂತ್ರ ಕಲಿಯುವುದು!

ಚಿತ್ರದಲ್ಲಿ ಹೊಟ್ಟೆ ಎಲ್ಲಿ, ಪಾದ ಎಲ್ಲಿ ಎಂಬುದು ನಮಗೆ ಸಲೀಸು, ಕಂಪ್ಯೂಟರಿಗಲ್ಲ. ಅಂಚುಗಳು ಯಾವ ದಿಕ್ಕಿಗೆ ಓಡುತ್ತವೆ ಎಂಬುದರ ಮೇಲೆ ಅದನ್ನು ಗುರುತಿಸಲು ಕಲಿಸಿದರು. ತಜ್ಞರ ಗುರುತಿನೊಂದಿಗೆ ಶೇ 96ರಷ್ಟು ತಾಳೆಯಾಯಿತು. ಹೊಟ್ಟೆಯ ಉಷ್ಣತೆಯಲ್ಲಿ ಪಾದದ್ದನ್ನು ಕಳೆದು, ನಾಡಿಬಡಿತವನ್ನು ಜೊತೆಗಿಟ್ಟು, ಮಗು ಶಾಕ್‌ಗೆ ಹೋಗಲಿದೆಯೇ ಎಂದು ಊಹಿಸಿದರು. 2019ರಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಬಂದ ಫಲಿತಾಂಶ: ಮೂರು ಗಂಟೆ ಮೊದಲೇ ಹೇಳುವುದರಲ್ಲಿ ಅಂಕ 77, ಹನ್ನೆರಡು ಗಂಟೆ ಮೊದಲಾದರೆ 69. ಅಂದರೆ, ಶಾಕ್‌ಗೆ ಹೋಗಲಿರುವ ಒಂದು ಮಗು, ಹೋಗದ ಒಂದು ಮಗು, ಇಂಥ ನೂರು ಜೋಡಿ ಕೊಟ್ಟರೆ 77ರಲ್ಲಿ ಸರಿಯಾದ ಮಗುವನ್ನೇ ತೋರಿಸುತ್ತದೆ.

ಇದು ಬೀಗುವ ಅಂಕವೇನಲ್ಲ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಐಸಿಯುನಲ್ಲಿ ಕಲಿತ ಲೆಕ್ಕ, ದೆಹಲಿಯ ಜನವರಿ ಚಳಿಯಲ್ಲಿ ತುರ್ತು ವಿಭಾಗದ ಬಾಗಿಲಿಗೆ ಬಂದ ಮಗುವಿಗೆ ಒಪ್ಪುತ್ತದೆಯೆ? ಪಾಪ, ಚಳಿಗೇ ಕಾಲು ತಣ್ಣಗಾಗಿರಬಹುದಲ್ಲ! ಆದರೂ ಸೂಜಿ ಚುಚ್ಚದೆ, ಮೈ ಮುಟ್ಟದೆ ಸಿಗುವ ಮೂರು ಗಂಟೆ ಸಣ್ಣದಲ್ಲ. ಹತ್ತಾರು ಹಾಸಿಗೆ ನೋಡುವ ನರ್ಸ್‌ಗೆ ಮೊದಲು ಯಾರ ಬಳಿ ಓಡಬೇಕೆಂದು ಹೇಳಿದರೆ ಅಷ್ಟೇ ಸಾಕು.

ಕ್ಯಾಮೆರಾ ನಿಮ್ಮ ಮನೆಯಲ್ಲಿಲ್ಲ, ಕೈ ಇದೆ. ಡೆಂಗಿಯಲ್ಲಿ ಅಪಾಯ ಹೆಚ್ಚುವುದು ಜ್ವರ ಇಳಿಯುವ ಹೊತ್ತಿಗೆ. ಆಗ ಪಾದ ತಣ್ಣಗಿದ್ದರೆ, ಮಗು ಮಂಕಾಗಿ ಮಲಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.