ಆದಿತ್ಯವಾರ ಎಲ್ಲಿ ಹೋಯಿತು?

೨೦೨೧ರ ಜನವರಿ ೯, ಶನಿವಾರ ರಾತ್ರಿ ಸುಮಾರು ೮-೩೦ಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ವಿಮಾನವೊಂದು ಬೆಂಗಳೂರಿಗೆ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದವರೆಲ್ಲರೂ ಮಹಿಳೆಯರು. ನಡುವೆ ಎಲ್ಲಿಯೂ ಇಳಿಯದ ಆ ವಿಮಾನ ಬೆಂಗಳೂರನ್ನು ಮುಟ್ಟಿದುದು ಸೋಮವಾರ ನಸುಕಿನ ೩ ಗಂಟೆಯ ಸುಮಾರಿಗೆ. ಹಾಗಾದರೆ ನಡುವಣ ಆದಿತ್ಯವಾರ ಎಲ್ಲಿ ಹೋಯಿತು? ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಹಿರಿಯರು ಕೇಳುವ ಪ್ರಶ್ನೆಯಿದು.

ಹಾರಾಟಕ್ಕೆ ಹಿಡಿದುದು ಸುಮಾರು ೧೭ ಗಂಟೆ ಮಾತ್ರ. ಉಳಿದುದೆಲ್ಲ ಗಡಿಯಾರದ ವ್ಯತ್ಯಾಸ. ಚಳಿಗಾಲದಲ್ಲಿ ನಮ್ಮ ಗಡಿಯಾರ ಆ ಊರಿನದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಶನಿವಾರ ರಾತ್ರಿ ೮-೩೦ ಎಂದರೆ ಇಲ್ಲಿ ಆದಿತ್ಯವಾರ ಬೆಳಗ್ಗೆ ೧೦ ಗಂಟೆ. ಅದಕ್ಕೆ ೧೭ನ್ನು ಕೂಡಿಸಿದರೆ ಸೋಮವಾರ ನಸುಕಿನ ೩. ಬೇಸಗೆಯಲ್ಲಿ ಅವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ವ್ಯತ್ಯಾಸ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ.

ಈ ಎರಡು ನಿಲ್ದಾಣಗಳ ನಡುವಣ ನೇರ ದೂರ ಸುಮಾರು ೧೪,೦೦೦ ಕಿಲೋಮೀಟರು. ಗೋಡೆಯ ಭೂಪಟದಲ್ಲಿ ದಾರಿ ಹುಡುಕಿದರೆ ಸಾಗರವನ್ನು ಅಡ್ಡಲಾಗಿ ದಾಟಬೇಕೆಂದು ತೋರುತ್ತದೆ. ಮಕ್ಕಳ ಭೂಗೋಲದ ಮೇಲೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿದರೆ ಅದು ಬಡಗಣದ ಹಿಮಪ್ರದೇಶದತ್ತ ಏರಿ ಇತ್ತ ಇಳಿಯುತ್ತದೆ. ಎರಡು ಊರುಗಳೂ ಭೂಮಿಯ ಹೆಚ್ಚುಕಡಮೆ ಎದುರುಬದುರು ಪಾರ್ಶ್ವಗಳಲ್ಲಿರುವುದೇ ಇದಕ್ಕೆ ಕಾರಣ.

ದೂರ ಬದಲಾಗದಿದ್ದರೂ ಗಂಟೆ ಬದಲಾಗುತ್ತದೆ. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊನಲುಗಳುಂಟು. ೨೦೨೦ರ ಫೆಬ್ರವರಿಯಲ್ಲಿ ಇಂಥ ಗಾಳಿಯ ಬೆಂಬಲದಿಂದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ಗಂಟೆಯೊಳಗೆ ತಲುಪಿತು. ಮನುಷ್ಯರ ಜಗಳವೂ ದಾರಿಯನ್ನು ಬೆಳೆಸುತ್ತದೆ. ೨೦೨೫ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಸುತ್ತುಬಳಸಿ ಹಾರಬೇಕಾಯಿತು.

ಆದುದರಿಂದ ಪ್ರಯಾಣ ಹೊರಡುವ ಹಿರಿಯರು ಟಿಕೇಟಿನ ತಾರೀಕುಗಳನ್ನು ನೋಡಿ ಗಾಬರಿಪಡಬೇಕಾಗಿಲ್ಲ. ಹಾರಾಟದ ಗಂಟೆಗಳನ್ನೇ ಎಣಿಸಬೇಕು. ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ಯಾವ ಹೊತ್ತಿಗೆ ಏನು ಎಂಬುದನ್ನು ಮುಂಚಿತವಾಗಿ ವೈದ್ಯರಿಂದ ಬರೆಸಿಕೊಂಡು, ಮದ್ದನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ಇದಕ್ಕಿಂತ ಕಠಿಣವಾದ ಲೆಕ್ಕ ಇನ್ನೊಂದಿದೆ. ಮನೆಯಲ್ಲಿ ಸಾವು ಸಂಭವಿಸಿದಾಗ ‘ಮಗ ನಾಳೆ ಬರುತ್ತಾನೆ’ ಎಂದು ನಾವು ಹೇಳಿಬಿಡುತ್ತೇವೆ. ೧೭ ಗಂಟೆ ಎಂಬುದು ವಿಮಾನ ಆಕಾಶದಲ್ಲಿರುವ ಹೊತ್ತು ಮಾತ್ರ. ಟಿಕೇಟು ಸಿಗಬೇಕು, ನಿಲ್ದಾಣಕ್ಕೆ ಗಂಟೆಗಳ ಮೊದಲೇ ಹೋಗಬೇಕು, ಎಷ್ಟೋ ಸಲ ನಡುದಾರಿಯಲ್ಲಿ ವಿಮಾನ ಬದಲಾಯಿಸಬೇಕು. ಬೆಂಗಳೂರಿನಲ್ಲಿಳಿದ ಮೇಲೂ ನಮ್ಮ ಕಾಸರಗೋಡಿಗೆ ಬರಲು ಮಂಗಳೂರಿಗೋ ಕಣ್ಣೂರಿಗೋ ಇನ್ನೊಂದು ವಿಮಾನ ಹಿಡಿಯಬೇಕು, ಇಲ್ಲವೇ ಘಟ್ಟ ಇಳಿದು ಬರಬೇಕು. ಎಲ್ಲವೂ ಕೂಡಿದರೆ ಎರಡು ದಿನವೂ ಸಾಲದೆ ಹೋಗಬಹುದು. ಮಗನಿಗಾಗಿ ಕಾಯಬೇಕೇ, ಮನೆಯಲ್ಲಿರುವವರೇ ಕ್ರಿಯೆಯನ್ನು ನಡೆಸಬೇಕೇ ಎಂದು ಆ ಗಳಿಗೆಯಲ್ಲಿ ನಿರ್ಣಯಿಸುವುದು ಯಾರಿಗೂ ಸುಲಭವಲ್ಲ. ಕಾಯದೆ ಇದ್ದರೆ ಮಗನಿಗೆ ನೋವು. ಕಾದರೆ ಮನೆಮಂದಿಗೆ ಸಂಕಟ. ತಮ್ಮ ಇಚ್ಛೆ ಏನೆಂಬುದನ್ನು ಹಿರಿಯರು ಆರೋಗ್ಯದಿಂದಿರುವಾಗಲೇ, ಮಕ್ಕಳು ರಜೆಯಲ್ಲಿ ಬಂದಿರುವಾಗ, ಎಲ್ಲರೆದುರು ಹೇಳಿಟ್ಟರೆ ಆ ಭಾರ ಮುಂದೆ ಯಾರ ಹೆಗಲಿಗೂ ಬೀಳದು.