ಕೆಸರಿಗೆ ಮೂರು ವಯಸ್ಸು

ಬಾಗಳಿಯಿಂದ ಬಾದಾಮಿ, ಅಲ್ಲಿಂದ ಶಹಾಬಾದ. ಉತ್ತರಕ್ಕೆ ಹೋದಂತೆಲ್ಲ ನೆಟ್ಟಗೆ ನಿಂತ ಕಲ್ಲು ಬಳುಕುತ್ತದೆ, ಕೊನೆಗೆ ಮಲಗುತ್ತದೆ. ಕಲ್ಲು ಮಡಚಿಕೊಳ್ಳುವ ಬಗೆಯನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಗೆ ಹೊರಗಿನವರು ಬರುವುದು ಕಲ್ಲೇಶ್ವರ ಗುಡಿಗಾಗಿ. ರಾಷ್ಟ್ರಕೂಟರ ಕಾಲದಲ್ಲಿ ಮೊದಲಾಗಿ, ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪನ ಆಳ್ವಿಕೆಯಲ್ಲಿ, ಕ್ರಿ.ಶ. 987ರ ಸುಮಾರಿಗೆ ವಿಸ್ತರಿಸಿದ ಗುಡಿ ಅದು. ಬಂದವರು ಮಂಟಪದ ಕಂಬಗಳ ಕುಸುರಿ ನೋಡಿ ಬೆರಗಾಗಿ ಹಿಂದಿರುಗುತ್ತಾರೆ. ಸುತ್ತಲಿನ ನೆಲದತ್ತ ಕಣ್ಣು ಹಾಯಿಸುವವರು ಕಡಿಮೆ. ಆದರೆ ಈ ಸೀಮೆಯ ಶಿಲ್ಪಿಗಳ ಉಳಿ ಯಾವ ಕಲ್ಲಿನ ಮೇಲೆ ಆಡಬೇಕೆಂಬುದನ್ನು ತೀರ್ಮಾನಿಸಿದ್ದು ಆ ನೆಲವೇ.

ಪೂರ್ವಕ್ಕೆ ಕೂಡ್ಲಿಗಿಯ ಕಡೆ ಹೋದರೆ ಗುಡೇಕೋಟೆಯ ಕರಡಿಗಳು ಮನೆ ಮಾಡಿಕೊಂಡಿರುವ ಗುಂಡುಬಂಡೆಗಳು. ಅದು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದಿಂದ ಹಂಪಿಯವರೆಗೆ ಚಾಚಿಕೊಂಡಿರುವ, ಸುಮಾರು 250 ಕೋಟಿ ವರ್ಷದ ಹಿಂದಿನ ಶಿಲೆ. ಉಳಿಗೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ಪಶ್ಚಿಮಕ್ಕೆ ಬೇರೆಯದೇ ಕಥೆ. ಗದಗ, ಕಪ್ಪತಗುಡ್ಡದ ಕಡೆಯಿಂದ ಇಳಿದುಬರುವ ಪದರಶಿಲೆಯ ಪಟ್ಟಿ ತುಂಗಭದ್ರೆಯನ್ನು ದಾಟಿ, ಹಡಗಲಿ–ಹರಪನಹಳ್ಳಿ ಸೀಮೆಯನ್ನು ಹಾಯ್ದು, ಚಿತ್ರದುರ್ಗ, ಚಿಕ್ಕನಾಯಕನಹಳ್ಳಿಗಳತ್ತ ಸಾಗುತ್ತದೆ. ಉಗುರಿನಿಂದ ಕೆರೆದರೂ ಗೆರೆ ಮೂಡುವ ಬಳಪದ ಕಲ್ಲು ಸಿಗುವುದು ಇಂಥ ಪಟ್ಟಿಗಳಲ್ಲಿ. ಹಿರೇಹಡಗಲಿ, ಕುರುವತ್ತಿ, ಲಕ್ಕುಂಡಿಗಳ ಶಿಲ್ಪಿಗಳು ಕಲ್ಲಿನಲ್ಲಿ ಸರಿಗೆಯಷ್ಟು ಸಣ್ಣ ಕೆಲಸ ತೆಗೆದದ್ದು ಈ ಮೆದು ಕಲ್ಲಿನ ದೆಸೆಯಿಂದ.

ಈ ಪಟ್ಟಿಗಳನ್ನು ಬಿಡಿಸಿ ನಕ್ಷೆಗಿಳಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1880ರ ದಶಕದಲ್ಲಿ ಇವಕ್ಕೆ ‘ಧಾರವಾಡ’ ಶಿಲೆಗಳೆಂದು ಹೆಸರಿಟ್ಟು, 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಹೀಗಾಗಿ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡದ ಹೆಸರು ನಿಂತುಬಿಟ್ಟಿತು.

ನೆಟ್ಟಗೆ ನಿಂತ ಕಲ್ಲು

ಧಾರವಾಡ ಪಟ್ಟಿಯ ಯಾವುದಾದರೂ ಹಳ್ಳದ ದಂಡೆಯಲ್ಲೋ, ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲೋ ನಿಂತು ನೋಡಿ. ಪದರಗಳು ಅಡ್ಡಕ್ಕಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಒಂದು ಚೂರನ್ನು ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದರೆ ಅಭ್ರಕದ ಮಿನುಗು. ಪಕ್ಕಕ್ಕೆ ತಿರುಗಿಸಿದರೆ, ಬೆರಳಗಲದ ಜಾಗದಲ್ಲಿ ಬಿಳಿ ಬೆಣಚಿನ ಎಳೆಯೊಂದು ಮೇಲೇರಿ, ಹೊರಳಿ, ಕೆಳಗಿಳಿದು ಮತ್ತೆ ಮೇಲೇರುತ್ತದೆ. ಈ ಚೂರಿನಲ್ಲಿರುವುದೇ ಗುಡ್ಡದಲ್ಲೂ ಇದೆ. ಸಣ್ಣ ಮಡಿಕೆ ಯಾವ ಕಡೆ ವಾಲಿದೆ, ಅದರ ಅಂಚು ಯಾವ ಕಡೆ ಇಳಿದಿದೆ ಎಂದು ಅಳೆದು, ಕಣ್ಣಿಗೆ ಕಾಣದ ದೊಡ್ಡ ಮಡಿಕೆಯ ಆಕಾರವನ್ನು ಲೆಕ್ಕಹಾಕುವುದು ಭೂವಿಜ್ಞಾನಿಗಳ ಹಳೆಯ ವಿದ್ಯೆ.

ಈ ಶಿಲೆಗಳಲ್ಲಿ ಬಹಳಷ್ಟು ಒಂದು ಕಾಲಕ್ಕೆ ಸಮುದ್ರದ ತಳದ ಕೆಸರು, ಮರಳು ಮತ್ತು ಲಾವಾ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಇದೆ. ನೀರೊಳಗೆ ಉಕ್ಕಿ ತಟ್ಟನೆ ತಣಿದ ಲಾವಾ ಮಾತ್ರ ಈ ರೂಪ ತಾಳುತ್ತದೆ. ಅದೀಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಕಲ್ಲು ಮುರಿಯದೆ ಮಡಚುವುದು ಹೇಗೆ? ಈ ಪ್ರಶ್ನೆಗೆ ಪ್ರಯೋಗ ಮಾಡಿ ಉತ್ತರ ಹುಡುಕಿದವನು ಸ್ಕಾಟ್ಲೆಂಡಿನ ಸರ್ ಜೇಮ್ಸ್ ಹಾಲ್. ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಒಂದು ಬಾಗಿಲು ಮಲಗಿಸಿ, ಅದರ ಮೇಲೆ ಭಾರ ಹೇರಿ, ಎರಡೂ ಬದಿಯಿಂದ ಹಲಗೆಯಲ್ಲಿ ಒತ್ತಿದ. ಬಟ್ಟೆಗಳು ಕಡಲಂಚಿನ ಬಂಡೆಗಳಲ್ಲಿ ಅವನು ಕಂಡಿದ್ದ ಮಡಿಕೆಗಳ ಹಾಗೆಯೇ ಎದ್ದವು. 1812ರಲ್ಲಿ ಎಡಿನ್‌ಬರೋದ ವಿದ್ವಾಂಸರ ಮುಂದೆ ಇದನ್ನು ಮಂಡಿಸಿದ. ಮನೆಯಲ್ಲಿ ನಾಲ್ಕಾರು ಕೌದಿಗಳಿದ್ದರೆ ಯಾರು ಬೇಕಾದರೂ ಮಾಡಿ ನೋಡಬಹುದು. ಮೇಲಿನ ಭಾರ ತೆಗೆದರೆ ಕೌದಿ ಅಡ್ಡಾದಿಡ್ಡಿ ಎದ್ದು ಬೀಳುತ್ತದೆ. ಭಾರವಿದ್ದರೆ ಮಡಿಕೆಗಳು ಒತ್ತೊತ್ತಾಗಿ ಬರುತ್ತವೆ.

ಹಾಲ್‌ನ ಪ್ರಯೋಗದಲ್ಲಿ ಇಲ್ಲದಿದ್ದದ್ದು ಎರಡು: ಶಾಖ ಮತ್ತು ಕಾಲ. ಸುಮಾರು ಹತ್ತು ಕಿ.ಮೀ. ಆಳದಲ್ಲಿ, ಮುನ್ನೂರು–ನಾನೂರು ಡಿಗ್ರಿ ಶಾಖದಲ್ಲಿ, ಲಕ್ಷಾಂತರ ವರ್ಷ ನಿಧಾನಕ್ಕೆ ಒತ್ತಿದರೆ ಕಲ್ಲಿನ ಹರಳುಗಳು ಒಳಗೊಳಗೇ ಜರುಗಿ, ಕರಗಿ, ಬೇರೆ ಕಡೆ ಮತ್ತೆ ಬೆಳೆದು ಒತ್ತಡಕ್ಕೆ ದಾರಿ ಬಿಡುತ್ತವೆ. ಅದೇ ಕಲ್ಲಿಗೆ ನೆಲದ ಮೇಲೆ ಸುತ್ತಿಗೆ ಏಟು ಕೊಟ್ಟರೆ ಸೀಳುತ್ತದೆ. ದಪ್ಪ, ಗಟ್ಟಿ ಪದರಗಳು ದೊಡ್ಡ ಬಾಗು ತೆಗೆದುಕೊಂಡರೆ ತೆಳು ಪದರಗಳು ಚಿಕ್ಕ ಚಿಕ್ಕ ಸುಕ್ಕುಗಳಾಗುತ್ತವೆ. ಮೆದು ಕೆಸರುಗಲ್ಲು ಬಾಗಿನ ಮೂಲೆಗಳಿಗೆ ಹರಿದು ತುಂಬಿಕೊಳ್ಳುತ್ತದೆ. ಈ ನಡುವೆ ಕೆಸರು ಕೆಸರಾಗಿ ಉಳಿಯುವುದಿಲ್ಲ. ಅದರಲ್ಲಿ ಅಭ್ರಕ, ಕ್ಲೋರೈಟ್ ಹರಳುಗಳು ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ. ಲಾವಾದ ಕೆಲವು ಬಗೆಗಳು ಬಳಪದ ಕಲ್ಲಾಗುತ್ತವೆ.

ಮೇಲಕ್ಕೆ ಉಬ್ಬಿದ ಮಡಿಕೆಯೇ ಬೆಟ್ಟ, ಕೆಳಕ್ಕೆ ಜೋತದ್ದು ಕಣಿವೆ ಎಂದುಕೊಂಡರೆ ತಪ್ಪಾದೀತು. ಉಬ್ಬಿನ ನೆತ್ತಿ ಬಿರಿದು ಬೇಗ ಸವೆಯುತ್ತದೆ. ಕೆಳಕ್ಕೆ ಇಳಿದ ಮಡಿಕೆ ಸುತ್ತಲಿನ ಶಿಲೆಯ ನಡುವೆ ಸಿಕ್ಕಿಕೊಂಡು ಉಳಿಯುತ್ತದೆ. ಧಾರವಾಡ ಪಟ್ಟಿಗಳು ಬಹುಪಾಲು ಹೀಗೆ ಉಳಿದ ಕೆಳಮಡಿಕೆಗಳು. ಸಂಡೂರು ಇದಕ್ಕೆ ಹತ್ತಿರದ ನಿದರ್ಶನ: ಮಡಿಕೆಯ ಎರಡು ಬದಿಗಳಲ್ಲಿ ಕಬ್ಬಿಣದ ಗಟ್ಟಿ ಪದರಗಳು ಬೆಟ್ಟಸಾಲುಗಳಾಗಿ ನಿಂತಿವೆ, ನಡುವೆ ಕಣಿವೆ. ನಾರಿಹಳ್ಳ ಓಬಳಗಂಡಿ, ಭೀಮಗಂಡಿಗಳಲ್ಲಿ ಬೆಟ್ಟ ಸೀಳಿ ಹರಿಯುವಲ್ಲಿ ಮಡಿಕೆಯ ಒಡಲೇ ತೆರೆದುಕೊಂಡಿದೆ.

ಕುಸಿದು ಜಾಗ ಮಾಡಿಕೊಟ್ಟ ತಳ

ಬಾಗಳಿಯಿಂದ ನೇರ ಅಳತೆಯಲ್ಲಿ ಸುಮಾರು 120 ಕಿ.ಮೀ. ಉತ್ತರಕ್ಕೆ ಬಾದಾಮಿ. ಇಲ್ಲಿಂದ ಬಾಗಲಕೋಟೆ, ಲೋಕಾಪುರ, ಗೋಕಾಕದತ್ತ ಹರಡಿರುವುದು ಕಲಾದಗಿ ಬೇಸಿನ್. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿನ ನೆಲ ತಗ್ಗಾಗಿ, ನೀರು ನುಗ್ಗಿ, ಮರಳು, ಸುಣ್ಣ, ಕೆಸರು ಪದರಪದರವಾಗಿ ಕೂತವು. ಕೆಸರು ಒತ್ತಡಕ್ಕೆ ನೀರು ಕಳೆದುಕೊಂಡು ಶೇಲ್ ಆಯಿತು. ತೆಳು ಹಾಳೆಗಳಾಗಿ ಸೀಳುವ, ಒದ್ದೆಯಾದರೆ ಮಣ್ಣಿನ ವಾಸನೆ ಬಿಡುವ ಜೇಡಿಗಲ್ಲು ಅದು.

ಇಲ್ಲಿನ ಕೆಳಗಿನ ಪದರಗಳ ಒಟ್ಟು ದಪ್ಪ ಸುಮಾರು ನಾಲ್ಕು ಕಿ.ಮೀ. ಹಾಗಾದರೆ ಕಡಲು ನಾಲ್ಕು ಕಿ.ಮೀ. ಆಳವಿತ್ತೇ? ಇಲ್ಲ. ಮರಳುಗಲ್ಲಿನ ಮೇಲೆ ಇಂದಿಗೂ ಅಲೆಯ ಗೆರೆಗಳು ಕಾಣುತ್ತವೆ. ಅಂಥ ಗೆರೆ ಮೂಡುವುದು ಆಳವಿಲ್ಲದ ನೀರಿನಲ್ಲಿ. ಕೆಸರು ಬಿದ್ದಂತೆ ಬಿದ್ದಂತೆ ತಳ ಕುಸಿಯುತ್ತಾ ಹೋಯಿತು, ನೀರು ಮಾತ್ರ ಆಳವಾಗಲಿಲ್ಲ. ಭೂಮಿಯ ತೊಗಟೆ ಹಿಗ್ಗಿ ತೆಳುವಾದಾಗ, ಬಿಸಿಯಾದ ತೊಗಟೆ ತಣಿದಾಗ, ಕೂತ ಹೂಳಿನ ಭಾರಕ್ಕೇ ಜಗ್ಗಿದಾಗ ಹೀಗಾಗುತ್ತದೆ. ದಪ್ಪ ಶೇಲ್ ಬೇಕೆಂದರೆ ಕೆಸರಿಗಿಂತ ಮುಖ್ಯವಾಗಿ ಕುಸಿಯುವ ತಳ ಬೇಕು.

ಬಾಗಲಕೋಟೆಯ ಸುತ್ತಿನ ಈ ಹಳೆಯ ಪದರಗಳು ಆಮೇಲೆ ಮಡಚಿದವು. ಆದರೆ ಧಾರವಾಡ ಶಿಲೆಗಳಷ್ಟು ಬೆಂದು ಬದಲಾಗಲಿಲ್ಲ. ಇಳಿಜಾರಾದ ತಳದ ಮೇಲೆ ಪದರಗಳ ರಾಶಿ ತನ್ನ ಭಾರಕ್ಕೇ ಜಾರಿ ಮಡಚಿತೆಂಬ ವಾದವೂ ಇದೆ. ಮಡಚಿದ ಪದರಗಳು ಸವೆದು ಸಪಾಟಾದ ಮೇಲೆ, ಅವುಗಳ ತಲೆಯ ಮೇಲೆ ಬಾದಾಮಿಯ ಮರಳುಗಲ್ಲು ಮಟ್ಟಸವಾಗಿ ಕೂತಿತು. ಚಾಲುಕ್ಯರು ಗುಹೆ ಕೊರೆದದ್ದು ಈ ಅಡ್ಡ ಪದರಗಳಲ್ಲಿ. ಕೆಳಗೆ ಮಡಚಿದ್ದು, ಮೇಲೆ ಮಲಗಿದ್ದು: 1788ರಲ್ಲಿ ಇಂಥದೇ ಜೋಡಿಯನ್ನು ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್‌ನಲ್ಲಿ ಕಂಡೇ ಜೇಮ್ಸ್ ಹಟನ್ ಭೂಮಿಯ ಆಯಸ್ಸು ಅಳತೆಗೆ ಸಿಗದಷ್ಟು ದೊಡ್ಡದೆಂದು ಮನಗಾಣಿಸಿದ. ಅಂದು ಅವನ ಜೊತೆ ದೋಣಿಯಲ್ಲಿದ್ದವರಲ್ಲಿ ಬಟ್ಟೆ ಮಡಚಿದ ಹಾಲ್ ಕೂಡ ಒಬ್ಬ.

ಮಲಗಿದ ಪದರ

ಇನ್ನೂ ಉತ್ತರಕ್ಕೆ, ಕಲಬುರಗಿ–ಯಾದಗಿರಿ ಸೀಮೆಯ ಭೀಮಾ ಬೇಸಿನ್. ಸುಮಾರು ಐದು ಸಾವಿರ ಚದರ ಕಿ.ಮೀ. ಹರವು, ದಪ್ಪ ಮಾತ್ರ ಮುನ್ನೂರು ಮೀಟರಿನ ಆಸುಪಾಸು. ಶೇಲ್ ಮತ್ತು ಸುಣ್ಣಕಲ್ಲಿನ ಪದರಗಳು ಇಲ್ಲಿ ಚಾಪೆ ಹಾಸಿದಂತೆ ಮಲಗಿವೆ. ಮನೆಮನೆಯ ನೆಲಕ್ಕೆ ಬರುವ ಶಹಾಬಾದ ಕಲ್ಲು ಸಲೀಸಾಗಿ ಹಲಗೆ ಹಲಗೆಯಾಗಿ ಏಳುವುದು ಇದಕ್ಕೇ. ನೆಲ ಸೀಳಿ ಜರುಗಿದ ಗೆರೆಗಳ ಪಕ್ಕ ಮಾತ್ರ ಪದರ ವಾಲಿದೆ. ಶಹಾಪುರದ ಗೋಗಿಯಲ್ಲಿ ಯುರೇನಿಯಂ ಸಿಕ್ಕಿದ್ದು ಅಂಥ ಗೆರೆಯ ಮೇಲೆ.

ಶೇಲ್ ಎಂದೊಡನೆ ಈಗ ಅನಿಲದ ಮಾತು ಬರುತ್ತದೆ. 2011ರಲ್ಲಿ ಒಎನ್‌ಜಿಸಿ ಪಶ್ಚಿಮ ಬಂಗಾಳದ ದುರ್ಗಾಪುರದ ಬಳಿ ಶೇಲ್‌ನಿಂದ ಅನಿಲ ಹೊರತೆಗೆದು ತೋರಿಸಿತು. ಆ ಶೇಲ್ ಕಾಡುಗಳು ಬೆಳೆದ ಕಾಲದ್ದು. ನಮ್ಮ ಭೀಮಾ–ಕಲಾದಗಿಗೆ ಕೆಸರು ಬಿದ್ದಾಗ ನೆಲದ ಮೇಲೆ ಗಿಡಮರವೇ ಇರಲಿಲ್ಲ. ಅನಿಲದ ಭರವಸೆ ಇಲ್ಲಿ ಕಡಿಮೆ: ತೈಲ ಇಲಾಖೆಯ ಪಟ್ಟಿಯಲ್ಲಿ ಇವು ಕೊನೆಯದಾದ ಮೂರನೇ ದರ್ಜೆಯಲ್ಲಿವೆ.

ಇಂದಿನ ಕೆಸರು

ಮೂರೂ ಕಡೆ ಕೆಸರು ಒಂದು ಮುಖ್ಯ ಮೂಲದ್ರವ್ಯ. ಎಷ್ಟು ಆಳಕ್ಕೆ ಹೂತಿತು, ಎಷ್ಟು ಬೆಂದಿತು, ಎಷ್ಟು ಒತ್ತಡ ತಿಂದಿತು ಎಂಬುದರ ಮೇಲೆ ಒಂದು ಕಡೆ ಅದು ನಿಂತಿದೆ, ಇನ್ನೊಂದು ಕಡೆ ಬಳುಕಿದೆ, ಮತ್ತೊಂದು ಕಡೆ ಮಲಗಿದೆ.

ಹೊಸ ಕೆಸರು ನೋಡಲು ದೂರ ಹೋಗಬೇಕಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ತಾಗಿಕೊಂಡೇ ತುಂಗಭದ್ರಾ ಹಿನ್ನೀರಿದೆ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ಸುಮಾರು 105ಕ್ಕೆ ಜಾಗವಿದೆ. ಉಳಿದದ್ದನ್ನು ಹೂಳು ನುಂಗಿದೆ. ಕಲಾದಗಿಯ ತಳ ಕೆಸರಿಗೆ ಜಾಗ ಬಿಡುತ್ತಾ ಕುಸಿಯಿತು. ಅಣೆಕಟ್ಟಿನ ತಳ ಹಾಗೆ ಕುಸಿಯುವುದಿಲ್ಲ. ಕೂತ ಪ್ರತಿ ಪದರವೂ ಅಷ್ಟು ನೀರನ್ನು ಹೊರಗೆ ಹಾಕುತ್ತದೆ, ಅದರ ಲೆಕ್ಕ ಕಾಲುವೆಯ ಕೊನೆಯ ಭಾಗದ ರೈತನ ಎರಡನೇ ಬೆಳೆಯಲ್ಲಿ ಚುಕ್ತಾ ಆಗುತ್ತದೆ. ಹೂಳು ತೆಗೆಯುವ ಮಾತು ಎಲ್ಲರೂ ಆಡುತ್ತಾರೆ. ಅಷ್ಟು ಕೆಸರನ್ನು ಎತ್ತಿ ಎಲ್ಲಿ ಹಾಕುವುದೆಂಬುದಕ್ಕೆ ಮಾತ್ರ ಸುಲಭದ ಉತ್ತರವಿಲ್ಲ. ಮಲೆನಾಡಿನ ಇಳಿಜಾರುಗಳಲ್ಲಿ, ಬಯಲಿನ ಹೊಲಗಳಲ್ಲಿ ಮಣ್ಣು ಕೊಚ್ಚಿಹೋಗದಂತೆ ತಡೆಯುವ ಬದು, ಗಿಡ, ಚೆಕ್‌ಡ್ಯಾಮುಗಳೇ ಅಗ್ಗದ ದಾರಿ. ತಳ ಕುಸಿಯದ ಕಡೆ ಕೆಸರನ್ನು ಬರುವ ಮೊದಲೇ ತಡೆಯಬೇಕು.