ಬೆಂಗಳೂರಿನ ಅಂಚಿನಲ್ಲಿ ಮನೆ: ನಂಬಿದ್ದು ಯಾವುದು, ಇರುವುದು ಯಾವುದು

ವರ್ತೂರು, ಸರ್ಜಾಪುರ ರಸ್ತೆ, ಯಲಹಂಕದ ಆಚೆ, ಕೆಂಗೇರಿಯ ಆಚೆ, ಕನಕಪುರ ರಸ್ತೆ. ಬೆಂಗಳೂರಿನಲ್ಲಿ ದುಡಿಯುವ ಮಧ್ಯಮ ವರ್ಗದ ಕುಟುಂಬ ಸ್ವಂತ ಮನೆ ಎಂದಾಗ ಇವತ್ತು ನೋಡುವುದು ಈ ಕಡೆಗಳನ್ನೇ. 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಹುಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಆಡಳಿತದ ಗೆರೆ ಬದಲಾದಷ್ಟು ಬೇಗ ನೆಲದಡಿಯ ಪೈಪು, ಚರಂಡಿ ಬದಲಾಗುವುದಿಲ್ಲ. ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕುವ ಮನೆಯವರು ಬಡ್ಡಿದರವನ್ನು ಹತ್ತು ಬ್ಯಾಂಕಿನಲ್ಲಿ ವಿಚಾರಿಸುತ್ತಾರೆ. ಆ ಜಾಗದಲ್ಲಿ ಬದುಕು ಹೇಗಿರುತ್ತದೆ ಎನ್ನುವುದನ್ನು ಮಾತ್ರ ಬ್ರೋಕರ್ ಬಾಯಿಂದ ಕೇಳಿ ಒಪ್ಪಿಬಿಡುತ್ತಾರೆ. ನನ್ನ ಮಟ್ಟಿಗೆ ಒಂದು ಬಡಾವಣೆ ವಾಸಕ್ಕೆ ಯೋಗ್ಯವೋ ಅಲ್ಲವೋ ಎಂಬುದು ಮೊದಲು ತೀರ್ಮಾನವಾಗುವುದು ನೀರಿನಿಂದ. ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಮಿಕ್ಕ ಪ್ರಶ್ನೆಗಳೆಲ್ಲ ಆಮೇಲಿನವು.

“ಬೋರ್‌ವೆಲ್‌ನಲ್ಲಿ ಧಾರಾಳ ನೀರಿದೆ, ಕಾವೇರಿಯೂ ಬಂದಾಯಿತು”

ಬೆಂಗಳೂರಿನ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಂತಿರುವುದು ಆ ಬಂಡೆಯ ಬಿರುಕುಗಳಲ್ಲಿ. ನೂರು ಸೈಟುಗಳ ಲೇಔಟಿನಲ್ಲಿ ಹತ್ತು ಮನೆ ಎದ್ದಿರುವಾಗ ಬೋರ್‌ವೆಲ್ ಚೆನ್ನಾಗಿಯೇ ಇರುತ್ತದೆ. ತೊಂಬತ್ತು ಮನೆ ಎದ್ದು, ಪಕ್ಕದಲ್ಲೊಂದು ಅಪಾರ್ಟ್‌ಮೆಂಟೂ ಬಂದಾಗ ಎಲ್ಲರೂ ಎಳೆಯುವುದು ಅದೇ ಬಿರುಕುಗಳ ನೀರನ್ನು. 2024ರ ಬೇಸಿಗೆಯಲ್ಲಿ ನಗರದ 13,900 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಟ್ಯಾಂಕರ್ ದರ ಕೈಮೀರಿದಾಗ ಜಿಲ್ಲಾಡಳಿತ ಮಧ್ಯೆ ಬಂದು, ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ ಎಂದು ಗೊತ್ತುಮಾಡಬೇಕಾಯಿತು. ಆ ಬೇಸಿಗೆ ಹೆಚ್ಚು ಕಾಡಿದ್ದು ಹೊರವಲಯದ ಬಡಾವಣೆಗಳನ್ನೇ.

ಕಾವೇರಿ ಐದನೇ ಹಂತ ಅದೇ ವರ್ಷ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರ ಎತ್ತಿ ತರುವ ಯೋಜನೆ. ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಅದು ಮುಖ್ಯವಾಗಿ 2007ರಲ್ಲಿ ಸೇರಿದ ಆ 110 ಹಳ್ಳಿಗಳಿಗಾಗಿ ಮಾಡಿದ್ದು. ‘ಸರ್ಜಾಪುರ ರಸ್ತೆ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಲೇಔಟುಗಳು ಆನೇಕಲ್ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳಲ್ಲಿವೆ. ಸರ್ಜಾಪುರವೇ ಆನೇಕಲ್ ತಾಲ್ಲೂಕಿಗೆ ಸೇರಿದ್ದು. ಹಾಗಾಗಿ ಕಾವೇರಿ ಬಂದಿದೆಯೇ ಎಂದು ಕೇಳುವ ಮೊದಲು ಜಾಗ ಯಾವ ಗ್ರಾಮದ ಯಾವ ಸರ್ವೆ ನಂಬರಿನದು ಎಂದು ಕೇಳಬೇಕು. ಆ ಹಳ್ಳಿ ಪಟ್ಟಿಯಲ್ಲಿದ್ದರೂ, ಬೀದಿಯಲ್ಲಿ ಪೈಪು ಹೂತಿರುವುದು ಬೇರೆ, ಶುಲ್ಕ ಕಟ್ಟಿ ಸಂಪರ್ಕ ಪಡೆದು ನಲ್ಲಿಯಲ್ಲಿ ನೀರು ಬರುವುದು ಬೇರೆ. ಪಕ್ಕದ ಮನೆಯವರ ಜಲಮಂಡಳಿ ಬಿಲ್ಲನ್ನೂ ಅಸೋಸಿಯೇಷನ್‌ನ ಮಾರ್ಚ್–ಏಪ್ರಿಲ್ ತಿಂಗಳ ಟ್ಯಾಂಕರ್ ಖರ್ಚನ್ನೂ ನೋಡಿದರೆ ಯಾವ ಜಾಹೀರಾತೂ ಹೇಳದ ವಿಷಯ ತಿಳಿಯುತ್ತದೆ.

“ಕೋಟಿಗಟ್ಟಲೆ ಬೆಲೆಯ ಬಡಾವಣೆ, ಅಲ್ಲಿ ನೀರು ನುಗ್ಗುತ್ತದೆಯೇ?”

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಸರ್ಜಾಪುರ ರಸ್ತೆ, ಯಮಲೂರು ಭಾಗದಲ್ಲಿ ಮುಳುಗಿದ ಮನೆಗಳಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳೂ ಇದ್ದವು. ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರತಂದರು. ಇಲ್ಲಿನ ಕೆರೆಗಳನ್ನು ಹಿಂದಿನವರು ಸರಪಳಿಯಾಗಿ ಕಟ್ಟಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಸರ್ಜಾಪುರ ರಸ್ತೆಯ ಕಡೆಯ ನೀರು ಸೌಳು ಕೆರೆಯ ಮೂಲಕ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಸೇರಬೇಕು. ನಡುವಿನ ರಾಜಕಾಲುವೆಯನ್ನು ಕಿರಿದು ಮಾಡಿ, ಬಾಗಿಸಿ, ಕೆಲವೆಡೆ ಮುಚ್ಚಿ ಮನೆ ಕಟ್ಟಿದರೂ ಇಳಿಜಾರು ಇದ್ದಲ್ಲೇ ಇರುತ್ತದೆ. ಮಳೆನೀರು ಆ ಇಳಿಜಾರನ್ನೇ ಹಿಡಿಯುತ್ತದೆ.

ಇದನ್ನು ಕೊಳ್ಳುವ ಮೊದಲೇ ತಿಳಿಯಬಹುದು. ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ, ಕೆರೆ ಅಂಗಳ ಗುರುತಾಗಿರುತ್ತವೆ. ದಾಖಲೆಯಲ್ಲಿ ‘ಬಿ ಖರಾಬು’ ಎಂದು ಬರೆದಿದ್ದರೆ ಅದು ಸರ್ಕಾರದ್ದು. ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ಕಾಲ ಕೆಳಗಿನ ಸರ್ವೆ ನಂಬರು ತೋರಿಸುತ್ತದೆ. ‘ಪರಿಷ್ಕೃತ ಮಹಾಯೋಜನೆ 2015’ರ ಪ್ರಕಾರ ಕಾಲುವೆಯ ಮಧ್ಯದಿಂದ, ಅದರ ದರ್ಜೆಗೆ ತಕ್ಕಂತೆ 50, 25 ಅಥವಾ 15 ಮೀಟರ್ ಬಿಡಬೇಕು. ಇಷ್ಟರ ಮೇಲೆ, ಆ ಬಡಾವಣೆ ಎದ್ದಿರುವ ಮೂಲ ಹಳ್ಳಿಯ ಹಿರಿಯರೊಬ್ಬರ ಹತ್ತಿರ ಕೂತು ಮಾತಾಡಿ. ಕೆರೆ ಕೋಡಿ ಬಿದ್ದಾಗ ನೀರು ಯಾವ ಗದ್ದೆಯ ಮೇಲೆ ಹರಿಯುತ್ತಿತ್ತು ಎಂದು ಅವರು ಬೆರಳಿಟ್ಟು ತೋರಿಸುತ್ತಾರೆ. ಆ ಗದ್ದೆಗಳಲ್ಲಿ ಉತ್ತವರು ಅವರೇ. ಅವರನ್ನು ಕೇಳದೆ ಅಲ್ಲಿ ಮನೆ ಕಟ್ಟುತ್ತಿರುವುದು ನನಗೆ ದುಃಖದ ಸಂಗತಿ.

ಕೊಳಚೆ ನೀರಿನ ಪ್ರಶ್ನೆಯೂ ಇಲ್ಲೇ ಇದೆ. ಒಳಚರಂಡಿ ಇಲ್ಲದ ಕಡೆ ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕ ನಿಜವಾಗಿ ನಡೆಯುತ್ತಿದೆಯೇ, ಅಥವಾ ರಾತ್ರಿ ಕಾಲುವೆಗೆ ಬಿಡುತ್ತಾರೆಯೇ? 2015ರಲ್ಲಿ ವರ್ತೂರು, ಬೆಳ್ಳಂದೂರುಗಳಲ್ಲಿ ರಸ್ತೆಗೆ ಹಾರಿದ ನೊರೆ, 2017ರಲ್ಲಿ ಬೆಳ್ಳಂದೂರು ಕೆರೆಗೆ ಹತ್ತಿದ ಬೆಂಕಿ, ಎರಡರ ಹಿಂದೆಯೂ ನಮ್ಮೆಲ್ಲರ ಮನೆಗಳಿಂದ ಹೋದ ಕೊಳಚೆಯ ಪಾಲಿತ್ತು.

“ಖಾತೆ ಇದೆ, ಇಸಿ ಸ್ವಚ್ಛವಾಗಿದೆ, ಬ್ಯಾಂಕೂ ಸಾಲ ಕೊಡುತ್ತದೆ”

ಮೂರೂ ಬೇಕು; ಮೂರೂ ಸೇರಿದರೂ ಸಾಲದು. ಖಾತೆ ಇರುವುದು ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂಬ ಲೆಕ್ಕಕ್ಕೆ. ಅದು ಎ ಖಾತೆಯೇ ಆಗಿರಲಿ, ಮಾಲೀಕತ್ವವನ್ನು ಸೃಷ್ಟಿಸುವುದಿಲ್ಲ. ಋಣಭಾರ ಪತ್ರದಲ್ಲಿ, ಅಂದರೆ ಇಸಿಯಲ್ಲಿ, ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಕರಾರು, ಅಣ್ಣತಮ್ಮಂದಿರ ಪಾಲಿನ ತಕರಾರು ಅದರಲ್ಲಿ ಇರುವುದಿಲ್ಲ. ರೇರಾ ಕಾಯ್ದೆಯಡಿ ನೋಂದಣಿ ಇದ್ದರೆ ಖಂಡಿತ ಒಳ್ಳೆಯದು. ಕೊಂಡವರ ಹಣದ ಶೇಕಡಾ 70 ಭಾಗ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು, ಕಟ್ಟಡದ ರಚನೆಯ ದೋಷಕ್ಕೆ ಐದು ವರ್ಷ ಬಿಲ್ಡರ್ ಹೊಣೆ ಎಂದು ಆ ಕಾಯ್ದೆ ಹೇಳುತ್ತದೆ. ಆದರೂ ಮೂಲಪತ್ರಗಳನ್ನು ವಕೀಲರಿಗೆ ತೋರಿಸುವ ಕೆಲಸ ಅದರಿಂದ ತಪ್ಪುವುದಿಲ್ಲ.

ಅದರಲ್ಲೂ ಒಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆಯಡಿ ಅದು ಮೂಲ ಕುಟುಂಬಕ್ಕೇ ಮರಳಬಹುದು. 2023ರ ತಿದ್ದುಪಡಿ ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. ಮೂವತ್ತು ವರ್ಷದ ಇಸಿ ಹಿಡಿದು ನಿಶ್ಚಿಂತೆಯಿಂದ ಇರುವವರು ಜಮೀನು ಮೊದಲು ಯಾರಿಗೆ, ಹೇಗೆ ಬಂತು ಎಂಬಲ್ಲಿಯವರೆಗೆ ಹಿಂದೆ ಹೋಗಬೇಕು. ಇದು ಕೊಳ್ಳುವವರ ಸುರಕ್ಷತೆಯ ಮಾತಷ್ಟೇ ಅಲ್ಲ, ಜಮೀನು ಕಳೆದುಕೊಂಡವರ ನ್ಯಾಯದ ಮಾತೂ ಹೌದು.

“ಎರಡು ವರ್ಷ ತಡೆಯಿರಿ, ರಿಂಗ್ ರೋಡು ಬರುತ್ತೆ, ಮೆಟ್ರೋ ಬರುತ್ತೆ”

ಪೆರಿಫೆರಲ್ ರಿಂಗ್ ರಸ್ತೆಗೆ ಮೊದಲ ಅಧಿಸೂಚನೆ ಹೊರಟಿದ್ದು 2005ರಲ್ಲಿ. ಹೆಸರು ಬದಲಾಗಿ ಬೆಂಗಳೂರು ಬಿಸಿನೆಸ್ ಕಾರಿಡಾರ್ ಆಯಿತು, ಇಪ್ಪತ್ತು ವರ್ಷ ಕಳೆದರೂ ರಸ್ತೆ ಆಗಿರಲಿಲ್ಲ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲಿಗೆ 40 ತಿಂಗಳ ಮಾತು ಕೊಟ್ಟಿದ್ದರು. ಆ ಗಡುವಿನೊಳಗೆ ಒಂದು ಮಾರ್ಗವೂ ಓಡಲಿಲ್ಲ. ಬೊಮ್ಮಸಂದ್ರದ ಹಳದಿ ಮೆಟ್ರೋ ಬಂತು, ನಿಜ. ಅದು ಸೇರಿದ ಮೆಟ್ರೋ ಎರಡನೇ ಹಂತಕ್ಕೆ 2014ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು, ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ, ಅದೂ ಆರಂಭದಲ್ಲಿ 25 ನಿಮಿಷಕ್ಕೊಂದು. ಮಗು ಒಂದನೇ ತರಗತಿಗೆ ಸೇರಿದಾಗ ಮನೆ ಕೊಂಡವರು ಮಗುವಿನ ಪಿಯುಸಿವರೆಗೆ ಕಾದಂತಾಯಿತು. ಬರಲಿರುವ ರಸ್ತೆಯನ್ನು ಲೆಕ್ಕಕ್ಕೆ ಹಿಡಿಯದೆ, ಇವತ್ತು ಇರುವ ದಾರಿಯಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ಮಳೆ ಬಂದ ಸಂಜೆ ಒಮ್ಮೆ ಹೋಗಿ ಬನ್ನಿ. ಭಾನುವಾರ ಬ್ರೋಕರ್ ಕಾರಿನಲ್ಲಿ ಕಂಡ ಇಪ್ಪತ್ತು ನಿಮಿಷ ಯಾವ ಲೆಕ್ಕಕ್ಕೂ ಬರುವುದಿಲ್ಲ.

“ಗೇಟು, ಸೆಕ್ಯುರಿಟಿ ಇದ್ದರೆ ಸಾಕು”

ಮಂಜೂರಾದ ಲೇಔಟಿನ ರಸ್ತೆ, ಪಾರ್ಕುಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಮೇಲೆ ಅವು ಎಲ್ಲರವು. ಗೇಟು ಹಾಕಿ ಊರಿನವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಗೇಟಿನ ಒಳಗಿನ ನೆಮ್ಮದಿ ಗೇಟಿನ ಹೊರಗಿನ ಚರಂಡಿ, ಬೀದಿದೀಪ, ಕಸದ ಗಾಡಿ, ಬಸ್‌ಸ್ಟಾಪಿನ ಮೇಲೆಯೇ ನಿಂತಿದೆ. ಮನೆಕೆಲಸಕ್ಕೆ ಬರುವ ಅಕ್ಕ ಯಾವ ಬಸ್ಸಿನಲ್ಲಿ ಬರುತ್ತಾರೆ, ರಾತ್ರಿ ಹೇಗೆ ಮನೆಗೆ ಮರಳುತ್ತಾರೆ ಎಂದು ಕೇಳಿದರೆ ಆ ಜಾಗದ ಅರ್ಧ ಚಿತ್ರ ಸಿಗುತ್ತದೆ.

ಇನ್ನರ್ಧಕ್ಕೆ ಅಲ್ಲಿನ ಬಾಡಿಗೆದಾರರನ್ನು ಕೇಳಿ. ಸೈಟಿನ ಬೆಲೆ ಬಿದ್ದೀತೆಂಬ ಭಯಕ್ಕೆ ಮಾಲೀಕರು ಮುಚ್ಚಿಡುವ ನೀರಿನ ಕಷ್ಟ, ಸೊಳ್ಳೆ, ಕರೆಂಟು ಹೋಗುವ ಹೊತ್ತು, ಅಸೋಸಿಯೇಷನ್ ಜಗಳ ಎಲ್ಲವನ್ನೂ ಅವರು ಬಿಚ್ಚಿ ಹೇಳುತ್ತಾರೆ. ಸಾಧ್ಯವಿದ್ದರೆ ನೀವೇ ಹನ್ನೊಂದು ತಿಂಗಳ ಕರಾರು ಮಾಡಿಕೊಂಡು ಅದೇ ಬಡಾವಣೆಯಲ್ಲಿ ಬಾಡಿಗೆಗೆ ಇದ್ದು ನೋಡಿ. ಫೆಬ್ರವರಿಯಲ್ಲಿ ಮನೆ ಹಿಡಿದರೆ ಏಪ್ರಿಲ್ ಬಿಸಿಲೂ ಸೆಪ್ಟೆಂಬರ್ ಮಳೆಯೂ ಆ ಕರಾರಿನೊಳಗೇ ಬರುತ್ತವೆ.